ಮಾನಿಟರಿಗೆ ಹಚ್ಚಿದ ವಿಭೂತಿ

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ತೊಂಬತ್ತರ ದಶಕದ ಕೊನೆಗೆ, ನಾನು ಸಿಂಧನೂರಿಗೆ ಸೊಸೆಯಾಗಿ ಬಂದ ಮರುವರ್ಷ. ತಂದವರು ನನ್ನ ಭಾವ, ಗಂಡನ ಅಣ್ಣ. ಊರಲ್ಲಿ ಅವರದೊಂದು ಗೊಬ್ಬರದ ಅಂಗಡಿ ಇತ್ತು. ಎದುರಿನ ಅಂಗಡಿಯವನು ಕಂಪ್ಯೂಟರ್ ತಂದನೆಂದು ಇವರೂ ಲಿಂಗಸುಗೂರಿಗೆ ಹೋಗಿ ಒಂದನ್ನು ಜೋಡಿಸಿಕೊಂಡು ಬಂದರು. ಅಂಗಡಿಯಲ್ಲಿ ಧೂಳು ಅಂತ ಮನೆಯ ಪಡಸಾಲೆಯಲ್ಲಿ, ದೇವರಮನೆ ಬಾಗಿಲಿನ ಪಕ್ಕಕ್ಕೆ ಇಟ್ಟರು.

ಅದನ್ನು ನಡೆಸಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಮದುವೆಗೆ ಮುಂಚೆ ಮಸ್ಕಿಯಿಂದ ದಿನಾ ಲಿಂಗಸುಗೂರಿನ ಬಸ್ಸು ಹಿಡಿದು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಕಲಿತಿದ್ದೆ. ಹಗಲು ಅಂಗಡಿಯ ಸ್ಟಾಕು ನಾನು ಟೈಪ್ ಮಾಡುತ್ತಿದ್ದೆ. ಸಂಜೆ ಭಾವ ಬಂದು ಅದರ ಮುಂದೆ ಕೂತು, ತಮಗೆ ಗೊತ್ತಿದ್ದ ಒಂದೇ ಕೆಲಸ, ಮೌಸು ಹಿಡಿದು ಇಸ್ಪೀಟು ಆಡುತ್ತಿದ್ದರು. ಪಕ್ಕದಲ್ಲಿ ಪೇಪರಿನ ಮೇಲೆ ಮಂಡಾಳು, ಅಂದರೆ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಅದೇ ಎಣ್ಣೆಗೈ ಕೀಬೋರ್ಡಿನ ಮೇಲೆ. ಉದುರಿದ್ದನ್ನು ಕಾಲಲ್ಲಿ ಮೇಜಿನಡಿ ತಳ್ಳಿ ಎದ್ದು ಹೋಗುವವರು. ಬೆಳಿಗ್ಗೆ ಒರೆಸುವುದು ನನ್ನ ಪಾಲಿಗೆ.

ಒಂದು ಬೆಳಿಗ್ಗೆ ಬಟನ್ ಒತ್ತಿದೆ. ಒಳಗೆ ಫ್ಯಾನು ತಿರುಗಿದ ಸದ್ದು ಬಂತು. ಪರದೆ ಮಾತ್ರ ರೊಟ್ಟಿ ಹಂಚಿನ ಹಾಗೆ ಕಪ್ಪಗೆ. ಮಾನಿಟರಿನ ಸಣ್ಣ ದೀಪ ಹಸಿರಾಗದೆ ಕಿತ್ತಳೆ ಬಣ್ಣದಲ್ಲೇ ಮಿಣುಕುತ್ತಿತ್ತು. ಸಿಪಿಯು ಡಬ್ಬಿಯ ಒಳಗಿಂದ 'ಪೀಂ... ಪೀಂ...' ಅಂತ ಉದ್ದಕ್ಕೆ ಎಳೆಯುವ ಸದ್ದು. ವೈರುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಏನೂ ಆಗಲಿಲ್ಲ.

ಅಷ್ಟರಲ್ಲಿ ಭಾವ ಬಂದರು. ಜೊತೆಗೆ ಗೊಬ್ಬರಕ್ಕೆ ಬಂದಿದ್ದ ಬಳಗಾನೂರಿನ ಇಬ್ಬರು ರೈತರು. ಚಹಾಕ್ಕೆ ಕರೆದುಕೊಂಡು ಬಂದಿದ್ದರು. ಪರದೆ ನೋಡಿದವರೇ ಭಾವ ಒಳಕ್ಕೆ ಕೂಗಿದರು. ನನ್ನ ಜೊತೆ ಅವರು ನೇರ ಮಾತಾಡುತ್ತಿರಲಿಲ್ಲ. ನಾನು ಎದುರಿಗಿದ್ದರೂ ಅತ್ತೆಯ ಮೂಲಕವೇ.

"ಯವ್ವಾ, ನಿನ್ನ ಸೊಸಿನ್ನ ಕೇಳು. ಹೊರಗಾಗ್ಯಾಳೇನು? ಹೊರಗಾದಾಗ ಮುಟ್ಟ್ಯಾಳೇನು ಇದನ್ನ?"

ರೈತರು ನೆಲ ನೋಡತೊಡಗಿದರು. ಅತ್ತೆ ಬಂದು ನನ್ನ ಮುಖದ ಹತ್ತಿರ ಬಗ್ಗಿದರು.

"ಏನಬೇ, ಹೊರಗಾಗೀಯೇನು?"

ಮುಟ್ಟು ಆಗಿರಲಿಲ್ಲ. ಆದರೆ 'ಇಲ್ಲ' ಅನ್ನುವುದೂ ನನಗೆ ಅಸಹ್ಯ ಅನ್ನಿಸಿತು. ಇಲ್ಲ ಅಂದರೆ, ಆಗಿದ್ದರೆ ತಪ್ಪು ನನ್ನದೇ ಅಂತ ಒಪ್ಪಿಕೊಂಡ ಹಾಗೆ. ನಮ್ಮ ಎರಡೂ ಮನೆಯವರು ಲಿಂಗ ಕಟ್ಟಿದವರು. ಮಸ್ಕಿಯಲ್ಲಿ ನಮ್ಮಪ್ಪ 'ಲಿಂಗ ಇರೋ ಮೈಗೆ ಯಾವ ಸೂತಕ?' ಅನ್ನುತ್ತಿದ್ದ; ನಮ್ಮವ್ವ ಯಾವತ್ತೂ ಹೊರಗೆ ಕೂತವಳಲ್ಲ. ಇಲ್ಲಿ ಕೊರಳಲ್ಲಿ ಲಿಂಗ ಹಾಕಿಕೊಂಡವರು ಪರಗಂಡಸರ ಮುಂದೆ ನನ್ನ ಮೈಯ ಸುದ್ದಿ ವಿಚಾರಿಸುತ್ತಿದ್ದರು. ನಾನು ಮಾತಾಡಲಿಲ್ಲ. ಮಾತಾಡದ್ದನ್ನೇ ಅವರು ಹೌದು ಅಂತ ತಿಳಿದುಕೊಂಡರು.

ಆಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ಮುಖ ಕಿವುಚುತ್ತದೆ. ಭಾವ ಮಾನಿಟರಿನ ಗಾಜಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಅತ್ತೆ ಗೋಮೂತ್ರ ತಂದು ಸಿಂಪಡಿಸಿದರು. ಮಾನಿಟರಿನ ನೆತ್ತಿಯ ಸಂದುಗಳೊಳಗೆ ಹನಿ ಇಳಿದವು. ಮತ್ತೆ ಬಟನ್ ಒತ್ತಿದರೆ ಅದೇ ಕಪ್ಪು. ಈಗ ಅದರ ಜೊತೆಗೆ ಕಾದ ಗೋಮೂತ್ರದ ವಾಸನೆ. ಭಾವ ಲಿಂಗಸುಗೂರಿಗೆ ಫೋನ್ ಹಚ್ಚಿದರು. ಜೋಡಿಸಿಕೊಟ್ಟವನು 'ಬರ್ತೀನ್ರಿ' ಅಂದ, ಬರಲಿಲ್ಲ.

ನನಗೆ ಆ ಪೀಂ ಸದ್ದು ತಲೆಯಲ್ಲೇ ಕೂತಿತ್ತು. ಹಾಗೆ ಕೂಗಿದರೆ ಮೆಮೊರಿಯ ಪಟ್ಟಿ ಸರಿಯಾಗಿ ಕೂತಿಲ್ಲ ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಮರುದಿನ ಮಧ್ಯಾಹ್ನ ಭಾವ ಅಂಗಡಿಗೆ, ನನ್ನ ಗಂಡ ಕೆಲಸಕ್ಕೆ ಹೋದಮೇಲೆ ಪ್ಲಗ್ ಕಿತ್ತು, ಸ್ಕ್ರೂಡ್ರೈವರ್ ಹಿಡಿದು ಡಬ್ಬಿಯ ಮುಂದೆ ಕೂತೆ.

"ಏನ ಮಾಡಾಕತ್ತೀಯಬೇ? ಅಂವ ಬಂದ್ರ ಬೈತಾನ," ಅಂದರು ಅತ್ತೆ.

"ಬೈಲಿ ಅತ್ತೀ. ಬ್ಯಾಟ್ರಿ ಹಿಡೀರಿ."

ಯಾಕೋ ಏನೋ, ಟಾರ್ಚು ತಂದು ಹಿಡಿದರು. ತಗಡು ಸರಿಸಿದ ಕೂಡಲೇ ಕೊಳೆತ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಇಲಿ ಗೂಡು. ಮಂಡಾಳು, ಬಜ್ಜಿ ಕಟ್ಟಿದ ಪೇಪರಿನ ಚೂರು, ದೇವರಮನೆಯಿಂದ ಎಳೆದು ತಂದ ಹೂಬತ್ತಿಗಳು. ನಡುವೆ ಕಣ್ಣು ಬಿಡದ ಕೆಂಪು ಮರಿಗಳು ಹುಳುಗಳ ಹಾಗೆ ಮಿಸುಕುತ್ತಿದ್ದವು. ಡಬ್ಬಿಯ ಹಿಂದುಗಡೆ ಒಂದು ಸಂದಿಗೆ ಮುಚ್ಚುವ ತಗಡನ್ನೇ ಹಾಕಿರಲಿಲ್ಲ. ತಾಯಿ ಇಲಿ ಓಡಾಡುವ ದಾರಿ ಅದು.

"ಶೀ! ಶೀ! ನನ್ನ ಹೂಬತ್ತಿ!" ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಟಾರ್ಚು ಮಾತ್ರ ಕೆಳಗಿಡಲಿಲ್ಲ.

ಮರಿಗಳನ್ನು ರಟ್ಟಿನ ಮೇಲೆ ತೆಗೆದುಕೊಂಡು ಹಿತ್ತಲಿಗೆ ಒಯ್ದವರೂ ಅವರೇ. ಮೆಮೊರಿ ಪಟ್ಟಿ ಒಂದು ಕಡೆ ಮೇಲಕ್ಕೆದ್ದಿತ್ತು. ಅದರ ಹಳದಿ ಹಲ್ಲುಗಳ ಮೇಲೆ ಇಲಿಯ ಉಚ್ಚೆ ಒಣಗಿ ಹಕ್ಕಳೆಗಟ್ಟಿತ್ತು. ಬಟ್ಟೆಯಿಂದ ಒರೆಸಿ, ರಬ್ಬರಿನಿಂದ ತಿಕ್ಕಿ, 'ಟಕ್' ಅನ್ನುವ ತನಕ ಒತ್ತಿ ಕೂರಿಸಿದೆ. ಒಳಗೆ ಇಲಿಯ ಉಚ್ಚೆ, ಹೊರಗೆ ಆಕಳ ಉಚ್ಚೆ; ಮನೆಯವರ ಕಣ್ಣಿಗೆ ಹೊಲಸು ಕಂಡದ್ದು ಮಾತ್ರ ನಾನು.

ಪ್ಲಗ್ ಹಾಕಿ ಬಟನ್ ಒತ್ತಿದೆ. ಪೀಂ ಅನ್ನಲಿಲ್ಲ. ಪರದೆಯ ಮೇಲೆ ಬಿಳಿ ಅಕ್ಷರ ಓಡಿದವು. ಅತ್ತೆ ಉಸಿರು ಬಿಟ್ಟರು.

ಸಂಜೆ ಭಾವ ಬಂದಾಗ ಅತ್ತೆಯೇ ಹೇಳಿದರು: "ಇಲಿ ಮರಿ ಹಾಕಿತ್ತಲೇ ಅದ್ರಾಗ. ನಿನ್ನ ಮಂಡಾಳು ತಿನ್ನಾಕ ಬಂದಿತ್ತು. ಅಕಿನ ಬಿಚ್ಚಿ ಸರಿ ಮಾಡ್ಯಾಳ."

ಭಾವ ನಕ್ಕರು. "ನಾ ಅಂದಿದ್ದಿಲ್ಲೇನು, ಏನೋ ಹೊಲಸು ಮುಟ್ಟೇತಿ ಅಂತ?"

ಅಷ್ಟೇ. ಕುರ್ಚಿ ಎಳೆದುಕೊಂಡು ಇಸ್ಪೀಟಿಗೆ ಕೂತರು. ನಾನು ಅಡುಗೆಮನೆ ಬಾಗಿಲಲ್ಲಿ ಅವರ ಬೆನ್ನು ನೋಡುತ್ತಾ ನಿಂತಿದ್ದೆ. ಇಲಿ ಗೂಡಿಗೆ ಕೈ ಹಾಕಿದಾಗ ಆಗದ ಹೇಸಿಗೆ ಆಗ ಆಯಿತು.

ನನ್ನ ಗಂಡ ತುರ್ವಿಹಾಳದಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸುವ ಮಾಸ್ತರು. ಅವತ್ತು ಬಸ್ಸಿಳಿದು ಮನೆಗೆ ಬಂದು ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ, ರೈತರ ಮುಂದೆ ಕೇಳಿದ ಮಾತನ್ನೂ.

"ಹೋಗ್ಲಿ ಬಿಡು," ಅಂದರು. "ಅಣ್ಣ ದೊಡ್ಡಾಂವ. ಅವ್ನ ಬಾಯಿನ ಹಂಗ."

"ಹೌದ್ರಿ? ಸಾಲ್ಯಾಗ ಹುಡುಗ್ಯಾರಿಗೆ ಏನಂತ ಪಾಠ ಹೇಳ್ತೀರಿ ನೀವು?"

ಅವರು ರೊಟ್ಟಿಗೆ ನೆಂಚಿಕೊಳ್ಳಲು ಶೇಂಗಾ ಹಿಂಡಿ ಕೇಳಿದರು. ಬಡಿಸಿದೆ. ರೊಟ್ಟಿ ಮುರಿದು ಹಚ್ಚಿಕೊಂಡು ಸಮಾಧಾನವಾಗಿ ತಿಂದರು. ಅವರ ದವಡೆ ಆಡುವುದನ್ನು ನೋಡಲಾಗದೆ ಎದ್ದು ಹೋದೆ.

ಮರುದಿನದಿಂದ ಅಂಗಡಿಯ ಟೈಪಿಂಗ್ ಬಿಟ್ಟೆ. ಭಾವ ಯಥಾಪ್ರಕಾರ ಅತ್ತೆಯ ಮೂಲಕ ಹೇಳಿಸಲು ನೋಡಿದರು. ಅತ್ತೆ ಜೋಳ ಹಸನು ಮಾಡುತ್ತಿದ್ದವರು ತಲೆ ಎತ್ತದೆ, "ನಾ ಹೇಳಂಗಿಲ್ಲ. ಬೇಕಾದ್ರ ನೀನ ಕುಂತು ಬಡಕೊ," ಅಂದರು. ಆ ಮಾತು ನನ್ನ ಪರವಾಗಿ ಆಡಿದ್ದೋ, ಬೇಸರಕ್ಕೆ ಆಡಿದ್ದೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಭಾವ ಕೂತು ಒಂದೇ ಬೆರಳಿನಿಂದ 'ಯೂರಿಯಾ'ದ ಮೊದಲ ಅಕ್ಷರ ಹುಡುಕತೊಡಗಿದರು. ಆ ಕೀಲಿ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ, ರೊಟ್ಟಿ ಬಡಿಯುತ್ತಾ ಕೂತೆ.