ಕೊನೆಯ ಕಂತಿನ ದಿನ ವಾಪಸು ಬಂದ ಡಬ್ಬಿ

ದೋಹಾಕ್ಕೆ ಬಂದ ಮೊದಲ ವಾರವೇ ಪಕ್ಕದ ಫ್ಲಾಟಿನ ಹೆಂಗಸು ನನ್ನ ಸೀರೆಗೆ ಹೊಗೆ ಹಾಕಿದಳು. ಕಾಫಿಗೆ ಕರೆದು, ಎರಡೂ ಕೆನ್ನೆಗೆ ಮುತ್ತಿಟ್ಟು, ನಾನು ಹೊರಡುವ ಹೊತ್ತಿಗೆ ಹೊಗೆಯಾಡುವ ಧೂಪದ ಪಾತ್ರೆ ತಂದು ಸೆರಗಿನಡಿ ಹಿಡಿದಳು. ಅದು ಬಖೂರ್ ಎಂಬ ಸುಗಂಧದ ಧೂಪ, ಅತಿಥಿಗೆ ಮಾಡುವ ಮರ್ಯಾದೆ ಎಂದು ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ಮಾತ್ರ ಊರಿನಲ್ಲಿ ಸೊಳ್ಳೆ ಓಡಿಸಲು ಹಟ್ಟಿಗೆ ಹೊಗೆ ಹಾಕುವುದು ನೆನಪಾಗಿ ನಗು ತಡೆಯಲು ಪಡಬಾರದ ಪಾಡು ಪಟ್ಟೆ.

ಆಕೆ ಆಮ್ನಾ, ಸುಡಾನಿನವಳು. ಮಗಳು ಹನಾನ್‌ಗೆ ಹದಿನೇಳು. ಅಲ್ ಸದ್ದ್ ಬಡಾವಣೆಯ ಆ ಕಟ್ಟಡದಲ್ಲಿ ನನಗೆ ತೆರೆದಿದ್ದ ಬಾಗಿಲು ಅದೊಂದೇ. ಗಂಡ ಮುಶೈರಿಬ್‌ನ ಆಫೀಸಿಗೆ ಹೋದರೆ ಸಂಜೆಯವರೆಗೆ ಎಸಿಯ ಸದ್ದು ಬಿಟ್ಟು ಬೇರೆ ಮಾತಿಲ್ಲ. ನಮ್ಮೂರು ಮೂಲ್ಕಿಯಲ್ಲಾದರೆ ಅಡುಗೆಮನೆಯ ಕಿಟಕಿಯಿಂದ ಒಂದು ಕೂಗು ಹಾಕಿದರೆ ಮೂರು ಮನೆಯವರು ಓಗೊಡುತ್ತಿದ್ದರು.

ಮಂಗಳವಾರ ಸಂಜೆ ಅವರ ಮನೆಯಲ್ಲಿ ಒಂದು ಅಮೆರಿಕನ್ ಧಾರಾವಾಹಿ. ದೊಡ್ಡವರ ಮಕ್ಕಳೇ ಓದುವ ಹೆಸರಾಂತ ಕಾಲೇಜಿಗೆ ಸೇರಿದ ನಾಲ್ಕೈದು ಕಪ್ಪು ವಿದ್ಯಾರ್ಥಿಗಳ ಕಥೆ. ಆಮ್ನಾ ಪರದೆಯ ಕೆಳಗಿನ ಅರಬಿ ಸಾಲು ಓದಿಕೊಳ್ಳುತ್ತಿದ್ದಳು. ನಾನು ಬಿ.ಎ.ಯಲ್ಲಿ ಕಲಿತ ಇಂಗ್ಲಿಷು ಆ ಮಕ್ಕಳ ಉಚ್ಚಾರದ ಮುಂದೆ ಏನೂ ಸಾಲುತ್ತಿರಲಿಲ್ಲ. ಹನಾನ್ ನಡುವೆ ಕೂತು ನನಗೆ ಬಿಡಿಸಿ ಹೇಳುತ್ತಿದ್ದಳು. ನನ್ನನ್ನು ಖಾಲಾ ಎನ್ನುತ್ತಿದ್ದಳು, ಚಿಕ್ಕಮ್ಮ ಎಂದರ್ಥ.

ಒಮ್ಮೆ ನಾನು, "ನಿಮ್ಮ ಜನರನ್ನು ಆ ಕಾಲೇಜಿನಲ್ಲಿ ಎಷ್ಟು ಗೋಳುಹೊಯ್ದುಕೊಳ್ತಾರಲ್ಲ!" ಎಂದೆ.

ಆಮ್ನಾ ಹುಬ್ಬೇರಿಸಿದಳು. "ನಮ್ಮ ಜನವಾ? ನಾವು ಅರಬರು."

"ಅಮೆರಿಕಕ್ಕೆ ಹೋಗಿ ಹೇಳು, ಯಾರು ಕೇಳ್ತಾರೆ ನೋಡುವ," ಎಂದಳು ಮಗಳು.

ಇಬ್ಬರಿಗೂ ಅರಬಿಯಲ್ಲಿ ಜಗಳ ಹತ್ತಿತು. ಯಾರು ಯಾರ ಜನ, ನನಗೆ ತಲೆಬುಡ ತಿಳಿಯಲಿಲ್ಲ. ಊರಿನಲ್ಲಿ ಮನೆಯ ಹೆಸರು ಹೇಳಿದರೆ ಮುಗಿಯಿತು. ಇಲ್ಲಿ ನನ್ನನ್ನೇ ಅಂಗಡಿಯವನೊಬ್ಬ ಮಲಯಾಳಿ ಅಂದರೆ ಟ್ಯಾಕ್ಸಿಯವನು ಶ್ರೀಲಂಕಾದವಳು ಅನ್ನುತ್ತಿದ್ದ.

ನಮ್ಮ ಎರಡು ಮನೆಗಳ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡುತ್ತಿತ್ತು. ನಮ್ಮ ಕಡೆ ಪಾತ್ರೆಯನ್ನು ಖಾಲಿ ವಾಪಸು ಕೊಡುವುದಿಲ್ಲ ಎಂದು ನಾನೇ ಹನಾನ್‌ಗೆ ಹೇಳಿಕೊಟ್ಟಿದ್ದೆ. ಗೋಳಿಬಜೆ ಹೋದರೆ ಖರ್ಜೂರ ಬರುತ್ತಿತ್ತು.

ಧಾರಾವಾಹಿ ಆ ವರ್ಷದ ಮಟ್ಟಿಗೆ ಮುಗಿಯಲು ಎರಡು ವಾರವಿದ್ದಾಗ, ಇಲ್ಲಿಯೇ ಇರುವ ಅಮೆರಿಕನ್ ಕಾಲೇಜೊಂದರಿಂದ ಹನಾನ್‌ಗೆ ಸಂದರ್ಶನದ ಕರೆ ಬಂತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಡಬ್ಬಿ ತುಂಬ ಗೋಳಿಬಜೆ, ಜೊತೆಗೆ ಊರಿನಿಂದ ತಂದಿದ್ದ ಮುಖ ಬೆಳ್ಳಗಾಗುವ ಕ್ರೀಮಿನ ಹೊಸ ಟ್ಯೂಬು ಅವಳ ಕೈಗಿಟ್ಟೆ. "ಹಚ್ಚಿಕೊಂಡು ಹೋಗು ಮಗಾ, ಲಕ್ಷಣವಾಗಿ ಕಾಣ್ತೀ."

ಟ್ಯೂಬಿನ ಮೇಲೆ ಒಂದೇ ಹುಡುಗಿಯ ಎರಡು ಮುಖ, ಒಂದು ಕಪ್ಪು, ಒಂದು ಬಿಳಿ. ಹನಾನ್ ಅದನ್ನೇ ನೋಡಿದಳು. "ಥ್ಯಾಂಕ್ಯೂ ಆಂಟಿ," ಎಂದು ಹೋದಳು.

ಮರು ಮಂಗಳವಾರ ಕರೆ ಬರಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಆಮ್ನಾ ಸಲಾಂ ಹೇಳಿ ಗೋಡೆ ನೋಡಿದಳು. ಡಬ್ಬಿಯೂ ಬರಲಿಲ್ಲ.

"ನೀನೆಂತ ಮಾಡಿದ್ದು ಮಾರಾಯ್ತಿ? ಅದನ್ನೆಲ್ಲ ಹಾಗೆ ಕೊಡ್ಲಿಕ್ಕುಂಟಾ?" ಎಂದರು ಗಂಡ, ಟ್ಯೂಬು ಕೊಟ್ಟದ್ದು ತಿಳಿದು.

"ಮದುವೆಯಾದ ವಾರ ನಿಮ್ಮ ಅಮ್ಮ ನನಗೆ ಕೊಟ್ಟದ್ದಲ್ವಾ?"

"ಅದು ಬೇರೆ."

"ಹೇಗೆ ಬೇರೆ?"

ಅವರು ಪೇಪರು ಬಿಡಿಸಿ ಅದರ ಹಿಂದೆ ಹೋದರು. ಚಿಕ್ಕಂದಿನಲ್ಲಿ ಅಮ್ಮ ಕಡಲೆಹಿಟ್ಟು, ಅರಿಶಿನ ತಿಕ್ಕಿದ್ದು, ನೋಡಲು ಬಂದ ಗಂಡಿನ ಕಡೆಯವರು "ಬಣ್ಣ ಸ್ವಲ್ಪ ಕಮ್ಮಿ" ಎಂದದ್ದು, ಎಲ್ಲವೂ ನನ್ನ ಒಳ್ಳೆಯದಕ್ಕೇ ಎಂದು ನಂಬಿದವಳು ನಾನು. ಆ ಹುಡುಗಿಗೂ ನಾನು ಬಯಸಿದ್ದು ಒಳ್ಳೆಯದನ್ನೇ. ಹಾಗಾದರೆ ತಪ್ಪು ಎಲ್ಲಿ ಶುರುವಾಯಿತು? ಇದ್ದ ಒಂದು ಬಾಗಿಲನ್ನೂ ಮುಚ್ಚಿಸಿಕೊಂಡೆನಲ್ಲ ಎಂದು ಅತ್ತುಬಿಟ್ಟೆ.

ಕೊನೆಯ ಕಂತಿನ ಸಂಜೆ ಹನಾನ್ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಡಬ್ಬಿ. ತೆರೆದರೆ ಒಳಗೆ ಅದೇ ಟ್ಯೂಬು, ಸೀಲು ಒಡೆದಿಲ್ಲ.

"ಖಾಲಿ ಕೊಡಬಾರದು ಅಂದಿದ್ದಿರಲ್ಲ, ಅದಕ್ಕೆ," ಎಂದಳು. "ಇಂಟರ್‌ವ್ಯೂಗೆ ನಾನು ಹೀಗೇ ಹೋದೆ." ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅವಳೇ ಮತ್ತೆ ಹೇಳಿದಳು, "ಬನ್ನಿ, ಇವತ್ತು ಮುಗೀತದೆ."

ಆ ಕಂತಿನಲ್ಲಿ ನಾಯಕಿ ಕಾಲೇಜಿನ ಸಮಾರಂಭದಲ್ಲಿ ಭಾಷಣ ಮಾಡಬೇಕು. ತಾಯಿ ದೂರದಿಂದ ಬಂದಿದ್ದಾಳೆ, ಮಗಳ ಗುಂಗುರು ಕೂದಲನ್ನು ನೇರ ಮಾಡಲು ಬಿಸಿ ಬಾಚಣಿಗೆ ತಂದಿದ್ದಾಳೆ. ಮಗಳು ಬೇಡವೆಂದು ಹಾಗೆಯೇ ವೇದಿಕೆ ಹತ್ತುತ್ತಾಳೆ. ಭಾಷಣ ಕೇಳಿಸುವುದೇ ಇಲ್ಲ. ಸಭೆಯಲ್ಲಿ ಬಾಚಣಿಗೆ ಹಿಡಿದು ಕೂತ ತಾಯಿಯ ಮುಖ ಮಾತ್ರ. ಸಿಟ್ಟೋ ಸಂತೋಷವೋ ತಿಳಿಯುವ ಮೊದಲೇ ಮುಗಿದುಹೋಯಿತು.

"ಆ ತಾಯಿ ಕೆಟ್ಟವಳಾ?" ಹನಾನ್ ಟೀವಿಯನ್ನೇ ನೋಡುತ್ತ ಕೇಳಿದಳು.

"ಗೊತ್ತಿಲ್ಲ ಮಗಾ. ಅವಳ ತಲೆಯನ್ನೂ ಯಾರೋ ಹಾಗೇ ಬಾಚಿರಬೇಕು," ಎಂದೆ. "ನನ್ನದು ತಪ್ಪಾಯ್ತು."

ಆಮ್ನಾ ಎದ್ದು ಬಖೂರ್ ಹಚ್ಚಿದಳು. ಹೊರಡುವಾಗ ಹನಾನ್, "ಮುಂದಿನ ವಾರ ಬೇರೆ ಏನಾದ್ರೂ ನೋಡುವ, ಖಾಲಾ," ಎಂದಳು.

ಆ ಬೇಸಿಗೆ ರಜೆಯಲ್ಲಿ ಊರಿಗೆ ಹೋದೆ. ಅಂಗಳದಲ್ಲೇ ಅತ್ತೆ ನನ್ನ ಗಲ್ಲ ಹಿಡಿದು, "ಎಂತ ಮಗಾ ಇಷ್ಟು ಕಪ್ಪಾದ್ದು? ಅಲ್ಲಿಯ ಬಿಸಿಲಾ?" ಎಂದರು. ಹೊರಡುವ ದಿನ ಉಪ್ಪಿನಕಾಯಿ, ಹಪ್ಪಳಗಳ ಮೇಲೆ ಅದೇ ಕ್ರೀಮಿನ ಎರಡು ಟ್ಯೂಬು ಇಟ್ಟರು. ಬೇಡ ಎನ್ನಲು ಬಾಯಿ ತೆರೆದೆ. ಅವರ ಮುಖದಲ್ಲಿ ಇದ್ದದ್ದು ಬರೀ ಪ್ರೀತಿ. ಸುಮ್ಮನೆ ಪೆಟ್ಟಿಗೆ ಮುಚ್ಚಿದೆ.

ದೋಹಾಕ್ಕೆ ಮರಳಿದ ಸಂಜೆ ಹನಾನ್ ಓಡಿ ಬಂದಳು. ಅವಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ನನ್ನ ಪೆಟ್ಟಿಗೆಯ ಪಕ್ಕ ನೆಲದಲ್ಲೇ ಕೂತು, "ಮನೆಯಿಂದ ಏನು ತಂದಿರಿ, ಖಾಲಾ? ನಾನು ತೆಗೀಲಾ?" ಎಂದಳು.

ನಾನು ಮುಚ್ಚಳದ ಮೇಲೆ ಕೈ ಊರಿದೆ. "ಇರು ಮಗಾ, ನಾನೇ ತೆಗೀತೇನೆ," ಎಂದೆ.