ಕೊಸರಿಗೆ ಊದಿಸಿದ ವಾಲಗ

ಮೂರು ಸಾವಿರ ರೂಪಾಯಿ. ವಾಲಗದ ಅಜ್ಜ ಐದು ಕೇಳಿದ್ದರು, ನಾನು ಎರಡಕ್ಕೆ ಶುರು ಮಾಡಿ ಮೂರಕ್ಕೆ ನಿಲ್ಲಿಸಿದೆ. ಅಷ್ಟಕ್ಕೆ ಮೈಕಿನ ಮುಂದೆ ಎರಡು ಮದುವೆ ವಾಲಗ. ಮೂರನೆಯದು ಕೊಸರು, ಪುಕ್ಕಟೆ. ಹಣ ನನ್ನದಲ್ಲ, ಅದರಲ್ಲಿ ನನಗೆ ಕಮಿಷನ್ನೂ ಇರಲಿಲ್ಲ. ಆದರೂ ಇಳಿಸಿದೆ, ಏಕೆಂದರೆ ಹೇಳಿದ ಬೆಲೆಗೆ ಹೂಂ ಅಂದು ಅಭ್ಯಾಸವಿಲ್ಲ. ಕುಶಾಲನಗರದಲ್ಲಿ ಬೇರೆಯವರ ಶಾಮಿಯಾನಕ್ಕೆ ಕುರ್ಚಿ ಹೊತ್ತವನು ನಾನು. ಈಗ ಶಾಮಿಯಾನ, ಜನರೇಟರ್, ಸ್ಪೀಕರ್ ಎಲ್ಲ ನನ್ನವೇ. ಇವೆಲ್ಲ ಬಂದದ್ದು ಹೀಗೆ ಇಳಿಸಿ ಇಳಿಸಿಯೇ.

ಹಣ ಕೊಟ್ಟದ್ದು ಒಬ್ಬ ಗಿಟಾರ್ ಹುಡುಗಿ. ಮಡಿಕೇರಿ ಹತ್ತಿರದ ಹೋಮ್‌ಸ್ಟೇಯಲ್ಲಿ ಅವಳ ತಂಡ ನುಡಿಸಿದಾಗ ಸೌಂಡ್ ಸೆಟ್ ನನ್ನದಿತ್ತು. ಹಾಡುವವರೇ ಇಲ್ಲದ ಮೆಟಲ್ ಸಂಗೀತ. ಗಿಟಾರಿನ ತಂತಿಗಳನ್ನು ಎಷ್ಟು ಕೆಳಗೆ ಇಳಿಸಿದ್ದರೆಂದರೆ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಬರುತ್ತಿತ್ತು. ಮೊದಲ ಐದು ನಿಮಿಷ ನಾನು ಜನರೇಟರಿಗೆ ಕಿವಿಗೊಟ್ಟು ನಿಂತಿದ್ದೆ, ಎಂಜಿನ್ ಮಿಸ್ ಹೊಡೆಯುತ್ತಿದೆ ಎಂದು. ಮುಗಿದ ಮೇಲೆ ಅವಳಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಂಕಲ್, ಅದು ಏಳರ ತಾಳ. ನಿಮ್ ಜನರೇಟರ್ ಚೆನ್ನಾಗೇ ಇದೆ.”

ಕುರ್ಚಿಗಳನ್ನು ಏಳೇಳರ ಅಟ್ಟಿ ಮಾಡಿ ಲಾರಿಗೆ ಹೇರಿದವನಿಗೆ ಆ ಲೆಕ್ಕ ಬೇಗ ಮೈಗೆ ಹತ್ತಿತು. ಅವಳು ಅಂಥವೇ ಹತ್ತಾರು ತುಣುಕು ಫೋನಿಗೆ ಕಳಿಸಿದಳು. ಒಂದರಲ್ಲಿ ಮೃದಂಗ, ಇನ್ನೊಂದರಲ್ಲಿ ಪಿಟೀಲು, ಅಡಿಯಲ್ಲಿ ಅದೇ ಭಾರದ ಗಿಟಾರು. ಪಿಕಪ್ಪಿನಲ್ಲಿ ಹಾಕಿಕೊಂಡು ಸಂಪಾಜೆ ಘಾಟಿ ಇಳಿಯುತ್ತಿದ್ದೆ. ದಿನವಿಡೀ ಜನರ ಮಾತು ಕೇಳಿ ಅದರಲ್ಲಿ ಸುಳ್ಳೆಷ್ಟು ಎಂದು ಹೆಕ್ಕುವವನಿಗೆ ಮಾತೇ ಇಲ್ಲದ ಸಂಗೀತ ದೊಡ್ಡ ರಜೆ.

ಹಾಗಿರುವಾಗ, ಹೊಸದೊಂದಕ್ಕೆ ನಮ್ಮ ಕಡೆಯ ವಾಲಗ ಬೇಕು, ಹಳಬರು ಯಾರಾದರೂ ಇದ್ದಾರಾ ಎಂದು ಕೇಳಿದಳು. ಸಂಪಾಜೆ ಕಡೆ ನನಗೆ ಗೊತ್ತಿದ್ದ ಒಬ್ಬ ಅಜ್ಜನ ಮನೆಗೆ ಕರೆದುಕೊಂಡು ಹೋದೆ. ಮದುವೆಗೂ ಸಾವಿಗೂ ಊದಿ ಬದುಕಿದವರು, ಮಗಳ ಜೊತೆ ಇದ್ದರು. ಜಗಲಿಯಲ್ಲಿ ಮೈಕ್ ಇಟ್ಟೆವು. ಎರಡು ಊದಿ ಪೀಪಿ ಒರೆಸುತ್ತಿದ್ದಾಗ ನನ್ನ ಬಾಯಿ ಸುಮ್ಮನಿರಲಿಲ್ಲ.

“ಕೊಸರು ಎಲ್ಲಜ್ಜಾ?”

“ಕೊಸರಿಗೆ ಇದೇನ್ ಬೂತಾಯಿ ಮೀನಾ ಮಾರಾಯ? ಮದುವೆದ್ ಎಲ್ಲ ಮುಗ್ದುತ್. ಇನ್ನೊಂದ್ ಉಟ್ಟು. ಅದ್ನ ಮನೆ ಒಳಗೆ ಊದಿಕೆ ಆಕಿಲೆ.”

ಸಾವಿನ ವಾಲಗ. ಅವರ ಹತ್ತಿರ ಉಳಿದದ್ದು ಅದೊಂದೇ, ಹೆಣ ಎತ್ತಿದ ಮೇಲೆ ದಾರಿಯುದ್ದಕ್ಕೂ ಊದುವುದು; ಮನೆಯೊಳಗೆ ಊದುವಂತಿಲ್ಲ. ಮಗಳು “ಬೇಡ ಅಪ್ಪ” ಎಂದಳು. ತಮ್ಮ ಹತ್ತಿರ ವಾಲಗ ಕಲಿತ ಇಬ್ಬರೂ ಆಟೊ ಓಡಿಸುತ್ತಿದ್ದಾರೆ, ಅವರಿಗೆ ಈಗ ಬೆರಳು ಬರುವುದಿಲ್ಲ ಎಂದರು ಅಜ್ಜ.

“ನಾ ಸತ್ತರೆ ನಂಗೆ ಊದುವವ ಯಾರ್? ನಾನೇ ಎದ್ದ್ ಕುದ್ದ್ ಊದೊಕಾ? ಇವರ ಮೆಷಿನ್‌ಲಿ ಇರ್ಲಿ. ಆ ದಿನ ನೀ ತಂದ್ ಹಾಕೊಕು. ಅಲ್ಲಿವರೆಗೆ ಸಾವಿಲ್ಲದ ಜಾಗಲಿ ಕೇಳ್ಸ್‌ಬೇಡ.”

“ನನ್ ಸ್ಪೀಕರ್, ನನ್ ಜನರೇಟರ್. ಬಾಡಿಗೆ ಇಲ್ಲ, ಆಯ್ತಾ?” ಎಂದೆ. ಅದನ್ನೂ ವ್ಯಾಪಾರದಂತೆಯೇ ಕುದುರಿಸಿದೆ.

ಅವರು ಗೇಟು ದಾಟಿ, ರಸ್ತೆಗೆ ತಂದ ಮೈಕಿನ ಮುಂದೆ ಮನೆಗೆ ಬೆನ್ನು ಹಾಕಿ ನಿಂತು ಊದಿದರು. ಮಗಳು ಬಾಗಿಲು ಹಾಕಿಕೊಂಡಳು. ಹೊರಡುವಾಗ ಹುಡುಗಿ ಕೇಳಿದಳು, “ಅಂಕಲ್, ಪೆನ್‌ಡ್ರೈವ್ ಇದ್ಯಾ? ನಿಮ್ಮ ಹತ್ರಾನೂ ಒಂದು ಕಾಪಿ ಇರ್ಲಿ.” ಪುಕ್ಕಟೆ ಬಂದದ್ದಕ್ಕೆ ಪೆನ್‌ಡ್ರೈವ್ ಖರ್ಚು ಯಾಕೆ ಎಂದುಕೊಂಡು, ನಿನ್ನ ಹತ್ತಿರ ಇದ್ದರೆ ಸಾಕು ಎಂದೆ.

ಒಂಬತ್ತು ನಿಮಿಷದ ತುಣುಕು ತಯಾರಾಗಿ ಬಂತು. ಮದುವೆ ವಾಲಗ ಎರಡೂ ಅದರಲ್ಲಿರಲಿಲ್ಲ. ಆರು ನಿಮಿಷದ ಹತ್ತಿರ ಗಿಟಾರು ತಗ್ಗುತ್ತದೆ, ಅಲ್ಲಿಂದ ಕೊಸರು, ಅಡಿಯಲ್ಲಿ ಡ್ರಮ್ಮು. ಮನೆಯೊಳಗೆ ಒಂದು ಸಲವೂ ಹಾಕಲಿಲ್ಲ. ಕಾವೇರಿ ದಡದಲ್ಲಿ ಪಿಕಪ್ ನಿಲ್ಲಿಸಿ, ಗ್ಲಾಸ್ ಏರಿಸಿಕೊಂಡು ಕೇಳುತ್ತಿದ್ದೆ. ಎಷ್ಟು ಸಲ ಎಂದು ಲೆಕ್ಕವಿಲ್ಲ. ಯಾವ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಸ್ಟೇರಿಂಗ್ ಮೇಲೆ ಬೆರಳಿಗೆ ಗೊತ್ತಾಗುತ್ತಿತ್ತು.

ತಪ್ಪಿದ್ದು ಒಂದೇ ದಿನ. ಮದುವೆ ಹಾಲ್‌ನಲ್ಲಿ ಹೊಸ ಸ್ಪೀಕರ್ ಪರೀಕ್ಷೆಗೆ ಅದನ್ನೇ ಹಾಕಿ, ವಯರು ನೋಡಲು ಹೊರಗೆ ಹೋದೆ. ಒಳಗೆ ಬಂದರೆ ಪೀಪಿ ಶುರುವಾಗಿತ್ತು. ತರಕಾರಿ ಹೆಚ್ಚುತ್ತಿದ್ದ ಮುದುಕಿಯೊಬ್ಬರು ಚಾಕು ಕೆಳಗಿಟ್ಟು ಎದ್ದು ನಿಂತಿದ್ದರು.

“ಯಾರ್ ಹೋಗಿದ್ದು?”

“ಯಾರೂ ಇಲ್ಲ ಅಮ್ಮ, ಟೆಸ್ಟಿಂಗು.”

“ಟೆಸ್ಟಿಂಗಂತೆ,” ಎಂದು ಗೊಣಗಿದರು. ಆಮೇಲೆ ಕುಳಿತರಾದರೂ ಚಾಕು ಮುಟ್ಟಲಿಲ್ಲ. ಅಲ್ಲಿಂದ ಫೋನ್ ಹೊಡೆದುಕೊಂಡಾಗಲೆಲ್ಲ ಮೊದಲು ಅಜ್ಜನ ಮಗಳ ಹೆಸರಾ ಎಂದು ನೋಡುತ್ತಿದ್ದೆ.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಆ ಹೆಸರೇ ಬಂತು. “ಅಪ್ಪ ಹೋದ್ರ್,” ಎಂದಳು ಮಗಳು. “ಮಧ್ಯಾಹ್ನ ಎತ್ತುದು. ನೀವ್ ಹೇಳಿದ್ರಿ ಅಲಾ.”

ಸೆಟ್ ಹೇರಿಸುತ್ತಲೇ ಗಿಟಾರ್ ಹುಡುಗಿಗೆ ಫೋನ್ ಮಾಡಿದೆ. ಬರೀ ಅಜ್ಜನದು ಕಳಿಸು, ಗಿಟಾರ್ ಬೇಡ. ಅವಳ ಲ್ಯಾಪ್‌ಟಾಪ್ ಸುಟ್ಟುಹೋಗಿತ್ತು, ಉಳಿದದ್ದು ಎಲ್ಲ ಬೆರೆಸಿದ ಒಂಬತ್ತು ನಿಮಿಷ ಮಾತ್ರ. ಬೇರ್ಪಡಿಸುವ ಆ್ಯಪ್‌ಗೆ ಹಾಕಿ ನೋಡಿ ಮತ್ತೆ ಫೋನ್ ಮಾಡಿದಳು. “ಆಗ್ತಿಲ್ಲ ಅಂಕಲ್. ಅಜ್ಜನ ಉಸಿರೇ ಹೋಗಿ ತಗಡಿನ ಪೀಪಿ ಥರ ಕೇಳುತ್ತೆ.” ಅವಳು ಪೆನ್‌ಡ್ರೈವ್ ಮಾತು ಎತ್ತಲಿಲ್ಲ. ಎತ್ತಿ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

ಮಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. “ಇರುದನ್ನೇ ಹಾಕಿ,” ಎಂದಳು.

ದಾರಿಯ ಎರಡು ಕಡೆ ಸ್ಪೀಕರ್ ಕಟ್ಟಿ, ಚಟ್ಟ ಎತ್ತಿದಾಗ ಆರನೇ ನಿಮಿಷದಿಂದ ಬಿಟ್ಟೆ. ಮಿಕ್ಸರಿನ ಗುಂಡಿ ನನ್ನ ಕೈಯಲ್ಲಿತ್ತು. ಡ್ರಮ್ಮು ಬೀಳುವ ಮೊದಲು ತಗ್ಗಿಸುವುದು, ಪೀಪಿ ಒಂದೇ ಇರುವಾಗ ಏರಿಸುವುದು. ಅಷ್ಟು ಸಲ ಕೇಳಿದ್ದರಿಂದ ಮಾಡಬಲ್ಲೆ ಎಂದುಕೊಂಡಿದ್ದೆ. ಏಳು ಎಣಿಸಿ ತಗ್ಗಿಸಿದೆ, ಏಳು ಎಣಿಸಿ ಏರಿಸಿದೆ. ಆದರೆ ಡ್ರಮ್ಮು ತಗ್ಗಿದಲ್ಲೆಲ್ಲ ಅಜ್ಜನೂ ತಗ್ಗುತ್ತಿದ್ದರು. ಚಟ್ಟ ಹೊತ್ತವರ ಹೆಜ್ಜೆ ತೊಡರಿತು.

ಮಗಳು ಹತ್ತಿರ ಬಂದು, “ತಗ್ಗಿಸ್‌ಬೇಡಿ. ಅಪ್ಪನ ಬಾಯಿ ಮುಚ್ಚಿದಂಗೆ ಆದೆ,” ಎಂದಳು.

ಪೂರ್ತಿ ಏರಿಸಿ ಕೈ ತೆಗೆದೆ. ಇಳಿಜಾರಿನ ಕಾಫಿ ಗಿಡಗಳ ನಡುವೆ ಗಿಟಾರು, ಡ್ರಮ್ಮು, ಪೀಪಿ ಒಟ್ಟಿಗೆ ಹೋದವು. “ಇದೆಂಥ ಗಲಾಟೆ” ಎಂದರು ಕೆಲವರು, ಆದರೂ ನಡೆದರು. ತುಣುಕಿನ ಕೊನೆಯಲ್ಲಿ ಒಂದು ಕಡೆ ಎಲ್ಲವೂ ನಿಲ್ಲುತ್ತದೆ. ಅಜ್ಜ ಅಲ್ಲಿ ಊದುವುದು ಬಿಟ್ಟು ಉಸಿರು ಎಳೆದುಕೊಂಡಿದ್ದರು. ಹುಡುಗಿ ಅದನ್ನು ಕತ್ತರಿಸದೆ ಹಾಗೇ ಇಟ್ಟಿದ್ದಳು. ಪಿಕಪ್ಪಿನಲ್ಲಿ ಅದು ಬರೀ ಬಿಡುವಿನಂತೆ ಕೇಳುತ್ತಿತ್ತು. ಆ ದೊಡ್ಡ ಸ್ಪೀಕರುಗಳಲ್ಲಿ ಕಣಿವೆಗೆಲ್ಲ ಕೇಳುವಂತೆ, ಹೆಗಲ ಮೇಲೆ ಮಲಗಿದ್ದ ಮನುಷ್ಯ ಉಸಿರೆಳೆದುಕೊಂಡ. ಹೊತ್ತವರು ನಿಂತುಬಿಟ್ಟರು. ಒಬ್ಬ ಬಗ್ಗಿ ಮುಖ ನೋಡಿದ. ಅಷ್ಟರಲ್ಲಿ ಪೀಪಿ ಮತ್ತೆ ಶುರುವಾಯಿತು, ಮತ್ತೆ ನಡೆದರು.

ಈಗಲೂ ಅಂಥ ಸಂಗೀತವನ್ನೇ ಕೇಳುತ್ತೇನೆ. ಎಲ್ಲಿಯ ತಂಡವಾದರೂ ಸರಿ, ಗಿಟಾರು ತಗ್ಗಿದ ಕೂಡಲೇ ಗುಂಡಿಯ ಕಡೆ ಕೈ ಹೋಗುತ್ತದೆ. ಆ ಉಸಿರು ಬರುತ್ತದೆ ಎಂದು ಕಾಯುತ್ತೇನೆ. ಬಾರದಿದ್ದರೆ ಯಾರೋ ಒಳಗೇ ಹಿಡಿದುಕೊಂಡಿದ್ದಾರೆ ಅನಿಸುತ್ತದೆ.

ಆದ್ದರಿಂದ ನಿಮಗೆ ಹೇಳುವುದು ಇಷ್ಟು. ನಿಮ್ಮ ಊರಲ್ಲಿ ಊದುವ, ಬಾರಿಸುವ ಹಳಬರು ಇದ್ದರೆ ಈ ವಾರವೇ ಹೋಗಿ. ಕೇಳಿದಷ್ಟು ಕೊಡಿ, ಕೊಸರು ಕೇಳಬೇಡಿ; ಅವರ ಹತ್ತಿರ ಕೊನೆಗೆ ಉಳಿದಿರುವುದು ಯಾವುದೆಂದು ನಿಮಗೆ ಗೊತ್ತಿರುವುದಿಲ್ಲ. ಅವರು ಪೀಪಿ ಬಾಯಿಗಿಡುವ ಮೊದಲೇ ರೆಕಾರ್ಡಿಂಗ್ ಶುರು ಮಾಡಿ, ಕೆಳಗಿಟ್ಟ ಮೇಲೆ ನಿಲ್ಲಿಸಿ. ಏನನ್ನೂ ಬೆರೆಸುವ ಮೊದಲು ಬರಿಯ ವಾದ್ಯದ ಕಾಪಿಯೊಂದನ್ನು ಬೇರೆ ತೆಗೆದಿಡಿ. ಪೆನ್‌ಡ್ರೈವ್ ಎರಡು ತೆಗೆದುಕೊಳ್ಳಿ, ಒಂದು ಅವರ ಮನೆಯಲ್ಲಿರಲಿ. ಚೌಕಾಸಿ ಮಾಡಲೇಬೇಕು ಅನಿಸಿದರೆ ಪೆನ್‌ಡ್ರೈವ್ ಅಂಗಡಿಯವನ ಹತ್ತಿರ ಮಾಡಿ.