ಎರಡು ಹನಿ ನೀರು

ಹಾಲು ಕೆಡಿಸಿದವಳು ನಾನು, ಹುಸೇನಬಿ ಖಾಲಾ. ನೀನಲ್ಲ. ಇಷ್ಟು ಹೇಳಲು ನನಗೆ ಮೂರು ವರ್ಷ ಬೇಕಾಯಿತು — ಥೂ, ನನ್ನ ಬಾಯಿಗೆ ಮಣ್ಣು ಹಾಕ!

ಮಾನ್ವಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ನಿನ್ನದು. ನಿನ್ನ ಎಮ್ಮೆಯ ಹಾಲು ಕುಡಿದೇ ಬೆಳೆದೆ. ರಾಯಚೂರಿನ ಲ್ಯಾಬಿಗೆ ಸೇರಿದಾಗ ನಿನ್ನ ಹಾಲೇ ಬೇಕೆಂದು ಹಟ ಹಿಡಿದವಳೂ ನಾನೇ. ಜೀವಕೋಶಗಳು ಹೊರಬಿಟ್ಟ, ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳು ಹಾಲಿನಲ್ಲಿರುತ್ತವೆ. ಅವುಗಳಲ್ಲಿ ವೈರಸ್ಸಿನ ನಿರುಪದ್ರವಿ ತುಣುಕು ತುಂಬಿದರೆ, ಸೂಜಿಯಿಲ್ಲದೆ ಲಸಿಕೆಯನ್ನು ಬಾಯಿಗೇ ಹನಿಸಬಹುದೇನೋ ಎಂದು ನಾವು ಹುಡುಕುತ್ತಿದ್ದೆವು. ಇದನ್ನು ಹೇಳಿದಾಗ ನೀನು ಎಮ್ಮೆಯ ಬೆನ್ನು ತಟ್ಟಿದ್ದೆ: "ಕೇಳ್ದಿ ಏನಬೇ? ನಿನ್ನ ಹಾಲಾಗ ಕೂಸುಗಳಿಗೆ ದವಾ ಮಾಡ್ತಾರಂತ!"

ತಂದ ಹಾಲಿನ ಕೆನೆಯನ್ನೂ ಕೋಶಗಳನ್ನೂ ಅಂದೇ ಬೇರೆ ಮಾಡಬೇಕಿತ್ತು. ನನಗೋ ಗೆಳತಿಯ ಮದುವೆಗೆ ದೇವದುರ್ಗದ ಬಸ್ಸು ಹಿಡಿಯುವ ಗಡಿಬಿಡಿ — ಹಾಗೆಯೇ ಫ್ರೀಜರಿಗೆ ತುರುಕಿದೆ. ಹೆಪ್ಪುಗಟ್ಟಿ ಕೋಶಗಳೆಲ್ಲ ಒಡೆದವು, ಅವುಗಳ ಚೂರುಗಳು ಆ ಸಣ್ಣ ಚೀಲಗಳೊಂದಿಗೆ ಬೆರೆತುಹೋದವು. ಆ ಹಾಲಿನ ಮೇಲೆ ತಿಂಗಳುಗಟ್ಟಲೆ ಮಾಡಿದ ಕೆಲಸ ಹಾಳು. ಯಾಕೆ ಹೀಗಾಯಿತೆಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ಕೇಳಿದರು. ಆಗ ನೆನಪಾದದ್ದು ನಿನ್ನ ರೂಢಿ: ಎಮ್ಮೆಗೆ ದೃಷ್ಟಿ ತಾಗಬಾರದೆಂದು, ಹೊರಗೆ ಹೋಗುವ ಹಾಲಿಗೆ ಬೆರಳದ್ದಿ ಹಾಕುವ ಎರಡು ಹನಿ ನೀರು. ನನ್ನೆದುರೇ ಹಾಕುತ್ತಿದ್ದೆ, ನಗುತ್ತಾ.

"ಹಾಲಿಗೆ ನೀರು ಹಾಕ್ಯಾರ್ರಿ ಮೇಡಂ," ಎಂದುಬಿಟ್ಟೆ. ಸುಳ್ಳೂ ಅಲ್ಲ ನೋಡು — ಅದೇ ನನ್ನ ಕಿಲಾಡಿತನ.

ಲ್ಯಾಬಿಗೆ ಹಾಲಿನ ಕ್ಯಾನು ತರುವ ಗಾಡಿಯವನ ಬಾಯಿಂದ ಮಾತು ಮಾನ್ವಿ ಮುಟ್ಟಿತು. ಚಹಾದಂಗಡಿಯ ಬಸಣ್ಣ ನಿನ್ನ ಹಾಲು ಬಿಟ್ಟ; ಓಣಿಯವರೂ ಒಬ್ಬೊಬ್ಬರಾಗಿ ಬಿಟ್ಟರು. ಜೀವಮಾನವಿಡೀ ಕಾಪಾಡಿಕೊಂಡ ಹೆಸರು... ರಜೆಗೆ ಬಂದಾಗ ನೀನು ನನ್ನ ಕೈ ಹಿಡಿದುಕೊಂಡೆ.

"ನನ್ನ ಎರಡು ಹನಿಯಿಂದ ನಿನ್ನ ಕೆಲಸ ಕೆಟ್ಟಿತೇನವ್ವಾ? ಮಾಫ್ ಮಾಡು ಬೇಟಿ."

"ಇರ್ಲಿ ಬಿಡು ಖಾಲಾ," ಎಂದೆ.

ನಾನು — ನಿನ್ನನ್ನು — ಕ್ಷಮಿಸಿದೆ! ನೀನು ಕಣ್ಣೊರೆಸಿಕೊಂಡು, ಲ್ಯಾಬಿನಲ್ಲಿ ಸೊರಗಿದ್ದೀಯೆಂದು ಡಬ್ಬಿ ತುಂಬ ಕೆನೆಮೊಸರು ಕಟ್ಟಿಕೊಟ್ಟೆ. ನಾನು ರಾಯಚೂರಿಗೆ ಹೋಗಿ ಅದನ್ನು ಅನ್ನಕ್ಕೆ ಕಲಸಿ ತಿಂದೆ ಕೂಡ.

ಮೇಡಂಗೆ ಇಂದು ಎಲ್ಲವನ್ನೂ ಬರೆದುಕೊಟ್ಟಿದ್ದೇನೆ. ನಾಳೆ ಮೊದಲ ಬಸ್ಸಿಗೆ ಕಲ್ಲೂರು ದಾಟಿ ಮಾನ್ವಿಗೆ ಬರುತ್ತೇನೆ. ಮೊದಲು ಬಸಣ್ಣನ ಅಂಗಡಿಯಲ್ಲಿ ಎಲ್ಲರೆದುರು ಹೇಳಿ, ಆಮೇಲೆ ನಿನ್ನ ಬಾಗಿಲಿಗೆ. ಮನಸಾರೆ ಬಯ್ಯಿ, ಖಾಲಾ. ಆಮೇಲೆ ಒಂದು ಲೋಟ ಹಾಲು ಕೇಳುತ್ತೇನೆ. ಆ ಎರಡು ಹನಿ ಹಾಕಿಯೇ ಕೊಡು — ಕೊಡುವ ಮನಸ್ಸಾದರೆ.